ಹುಳ ಮುಟ್ಟಿದೆ

ಆರೋಗ್ಯ ಕೇಂದ್ರದ ಕ್ವಾರ್ಟರ್ಸ್
ಸೊರಬ ತಾಲ್ಲೂಕು
೪ ಸೆಪ್ಟೆಂಬರ್ ೨೦೨೫

ಚೈತ್ರಾ,

ಈ ವಾರ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ "ಹೂಂ ದೊಡ್ಡಮ್ಮ, ಹೂಂ ದೊಡ್ಡಮ್ಮ" ಎಂದೆಯೇ ಹೊರತು ಮಾತಾಡಲಿಲ್ಲ. ಹಿಂದಿನಿಂದ ಕಂಪ್ಯೂಟರ್ ಕುಟ್ಟುವ ಸದ್ದು ಬರುತ್ತಿತ್ತು. ನನಗೆ ವಯಸ್ಸಾಗಿದೆ, ಕಿವಿ ಹೋಗಿಲ್ಲ. ಅಲ್ಲದೆ ಇಲ್ಲಿ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಪಕ್ಕ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು. ಆದ್ದರಿಂದ ಇನ್ನು ಮೇಲೆ ಕಾಗದ. ಆನವಟ್ಟಿ ಬಸ್ಸಿನ ಕಂಡಕ್ಟರ್ ಮಹಾಂತೇಶ ಶಿಕಾರಿಪುರದಲ್ಲಿ ನಿಮ್ಮಪ್ಪನ ಅಂಗಡಿಗೆ ಮುಟ್ಟಿಸುತ್ತಾನೆ. ಉತ್ತರವನ್ನೂ ಅವನ ಕೈಗೇ ಕೊಡು. ಕಾಗದ ಬರೆಯುವಾಗ ಇನ್ನೊಂದು ಕೆಲಸ ಮಾಡಲು ಬರುವುದಿಲ್ಲ, ಅದಕ್ಕೇ ನನಗೆ ಅದು ಇಷ್ಟ.

ಈಗ ವಿಷಯ. ಕೇಂದ್ರದ ಹಿಂದಿನ ಮನೆಯಲ್ಲಿ ಹುಚ್ಚಮ್ಮ ಅಂತ ಒಬ್ಬಳಿದ್ದಾಳೆ. ಹಗಲು ಕೂಲಿಗೆ ಹೋಗುತ್ತಾಳೆ, ಸಂಜೆ ನನ್ನ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಾಳೆ. ಮೊನ್ನೆ ಕೇಳಿದಳು: "ನಿಮ್ ತಂಗಿ ಮಗಳು ಏನ್ ಕೆಲ್ಸ ಮಾಡ್ತಾಳ್ರೀ ನರ್ಸಮ್ಮ?" ಡೇಟಾ ಸೈಂಟಿಸ್ಟ್ ಎಂದೆ. "ಸೈಂಟಿಸ್ಟ್ ಅಂದ್ರೆ ರಾಕೆಟ್ ಬಿಡೋರಲ್ಲೇನ್ರೀ? ಶಿಕಾರಿಪುರದಾಗೆ ಎಲ್ಲಿಂದ ಬಿಡ್ತಾಳೆ?" ನಿನ್ನನ್ನು ಎತ್ತಿ ಆಡಿಸಿದವಳು ನಾನು, ನೀನು ಏನು ಮಾಡುತ್ತೀ ಎಂದು ನನಗೇ ಗೊತ್ತಿಲ್ಲ. ಹುಚ್ಚಮ್ಮನಿಗೆ ಹೇಳಲು ಬರುವ ಹಾಗೆ ಬರೆದು ಕಳಿಸು.

ಇಲ್ಲಿ ಮಳೆ ಬಿಟ್ಟಿಲ್ಲ. ಮೊನ್ನೆ ಬಚ್ಚಲ ಒಲೆಯ ಹತ್ತಿರ ಹುಳ ಬಂದಿತ್ತು. ಕೇಂದ್ರದ ಅಟೆಂಡರ್ ಉಚ್ಚಂಗಪ್ಪ ಕೋಲು ಹಿಡಿದು ಬೇಲಿಯಾಚೆ ದಾಟಿಸಿ ಬರುವವರೆಗೂ ನಾನು ಕುರ್ಚಿಯ ಮೇಲೆ ನಿಂತಿದ್ದೆ. ನಗಬೇಡ.

ನಿನ್ನ ದೊಡ್ಡಮ್ಮ
ವೀರಮ್ಮ


ಶಿಕಾರಿಪುರ
೯ ಸೆಪ್ಟೆಂಬರ್ ೨೦೨೫

ಪ್ರೀತಿಯ ದೊಡ್ಡಮ್ಮ,

ನಕ್ಕೆ. ಒಂದು ಹುಳಕ್ಕೆ ಕುರ್ಚಿ ಹತ್ತಿದಿರಾ? ಚಪ್ಪಲಿ ಸಿಗಲಿಲ್ಲವೇ? ಸಾವಿರಾರು ಹೆರಿಗೆ ಮಾಡಿಸಿದವರು ನೀವು!

ಫೋನಿನ ವಿಷಯಕ್ಕೆ ಕ್ಷಮೆ ಇರಲಿ. ಈ ಕಾಗದವನ್ನು ಕಂಪ್ಯೂಟರ್ ಮುಚ್ಚಿ ಅಪ್ಪನ ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗೆ ಅಪ್ಪ ಮೆಕ್ಕೆಜೋಳದ ಧಾರಣೆಯ ಬಗ್ಗೆ ಯಾರ ಜೊತೆಗೋ ಜಗಳವಾಡುತ್ತಿದ್ದಾರೆ.

ಹುಚ್ಚಮ್ಮನವರಿಗೆ ಹೀಗೆ ಹೇಳಿ. ನಮ್ಮ ಸಂಸ್ಥೆ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಮುಂದಿನ ತಿಂಗಳು ಯಾವ ಔಷಧಿ ಎಷ್ಟು ಬೇಕಾಗಬಹುದು ಎಂದು ಮುಂಚೆಯೇ ಅಂದಾಜು ಮಾಡುತ್ತದೆ. ಆ ಅಂದಾಜು ಮಾಡುವವಳು ನಾನು. ಹಿಂದೆ ಆದದ್ದನ್ನೆಲ್ಲ ಒಟ್ಟುಗೂಡಿಸಿ, ಅದರಲ್ಲಿ ಒಂದು ಜಾಡು ಹುಡುಕಿ, ಆ ಜಾಡನ್ನು ಕಂಪ್ಯೂಟರಿಗೆ ಕಲಿಸಬೇಕು. ಕಲಿತ ಮೇಲೆ ಅದು ಮುಂದಿನದನ್ನು ಹೇಳುತ್ತದೆ.

ಕೇಳಲು ದೊಡ್ಡದು. ನಿಜವಾಗಿ ನನ್ನ ಮುಕ್ಕಾಲು ದಿನ ಕಸ ಗುಡಿಸುವುದರಲ್ಲೇ ಹೋಗುತ್ತದೆ. ಕೇಂದ್ರಗಳಿಂದ ಬರುವ ದಾಖಲೆಯಲ್ಲಿ ರೋಗಿಯ ಮಾತೇ ಇರುತ್ತದೆ. ಮೈ ಬಿಸಿ, ಚಳಿಜ್ವರ, ಮೈ ಕಾದಿದೆ, ಹೀಗೆ ಒಂದೇ ಕಾಯಿಲೆಗೆ ಹತ್ತು ಹೆಸರು. ಕಂಪ್ಯೂಟರಿಗೆ ಅದು ಹತ್ತು ಕಾಯಿಲೆ. ಅಡುಗೆಮನೆಯಲ್ಲಿ ಸಾಮಾನು ಬಂದಾಗ ನೀವು ಡಬ್ಬಿಗೆ ತುಂಬಿಸುತ್ತೀರಲ್ಲ, ಹಾಗೆ ಒಂದೊಂದು ಮಾತನ್ನೂ ನಾನು ಒಂದೊಂದು ಡಬ್ಬಿಗೆ ಹಾಕುತ್ತೇನೆ. ಅವೆಲ್ಲ ಜ್ವರದ ಡಬ್ಬಿಗೆ. ಇರುವೆ, ಜೇನು, ಕಣಜ, ಹುಳ ಎಲ್ಲ ಕೀಟ ಕಡಿತದ ಡಬ್ಬಿಗೆ. ಇಡೀ ಪಟ್ಟಿಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ!

ಇನ್ನೊಂದು ಕೆಲಸ ನನಗೆ ಹೆಮ್ಮೆಯದು. ಯಾವುದೋ ಕೇಂದ್ರದಲ್ಲಿ ಒಂದು ಮದ್ದು ಖರ್ಚಾಗುತ್ತಿದೆ, ಆದರೆ ಅದಕ್ಕೆ ತಕ್ಕ ಕಾಯಿಲೆಯವರು ಯಾರೂ ಬಂದಿಲ್ಲ ಎಂದಿಟ್ಟುಕೊಳ್ಳಿ. ಆಗ ಆ ಕೇಂದ್ರದ ಮೇಲೆ ಕೆಂಪು ಗುರುತು ಬೀಳುತ್ತದೆ. ಸರಿಯಾದ ವಿವರಣೆ ಬರುವವರೆಗೆ ಆ ಮದ್ದು ಅಲ್ಲಿಗೆ ಹೋಗುವುದಿಲ್ಲ. ಈ ನಿಯಮ ನನ್ನದೇ. ಕಳೆದ ವರ್ಷ ಬೇರೊಂದು ಜಿಲ್ಲೆಯಲ್ಲಿ ಔಷಧಿ ಹಿಂಬಾಗಿಲಿನಿಂದ ಹೋಗುತ್ತಿದ್ದದ್ದು ಹೀಗೇ ಸಿಕ್ಕಿಬಿತ್ತು. ನಿಮ್ಮ ಕಡೆಯ ಕೇಂದ್ರಗಳೂ ನಮ್ಮ ಪಟ್ಟಿಯಲ್ಲಿವೆ. ಆದರೆ ಪಕ್ಷಪಾತ ಆಗಬಾರದೆಂದು ನಮಗೆ ಹೆಸರು ತೋರಿಸುವುದಿಲ್ಲ, ಬರೀ ನಂಬರು.

ನಿಮ್ಮ
ಚೈತ್ರಶ್ರೀ


ಕ್ವಾರ್ಟರ್ಸ್
೧೮ ಸೆಪ್ಟೆಂಬರ್ ೨೦೨೫

ಚೈತ್ರಾ,

ನಿನ್ನ ಕಾಗದವನ್ನು ಹುಚ್ಚಮ್ಮನಿಗೆ ಓದಿ ಹೇಳಿದೆ. ಡಬ್ಬಿಯ ವಿಷಯ ಅವಳಿಗೆ ಹಿಡಿಸಿತು. "ಹಂಗಾರೆ ಅಡುಗಿ ಮನಿ ಕೆಲ್ಸನೇ ಅನ್ರೀ. ಪಗಾರ ಜಾಸ್ತಿ ಕೊಡ್ತಾರೆ ಅಷ್ಟೇ" ಎಂದಳು. ನಾನು ಎಷ್ಟು ನಕ್ಕೆನೆಂದರೆ ಉಚ್ಚಂಗಪ್ಪ ಏನಾಯಿತೆಂದು ಓಡಿ ಬಂದ.

ನನಗೂ ಹಿಡಿಸಿತು. ನಮ್ಮ ತಂಗಿಯ ಮಗಳು ಕೂತಲ್ಲಿಂದಲೇ ಊರೂರ ಕಾಯಿಲೆ ನೋಡುತ್ತಾಳೆ ಎಂದು ಎದೆಯುಬ್ಬಿತು. ಒಳ್ಳೆಯ ಕೆಲಸ ಅದು. ಕಳ್ಳರನ್ನು ಹಿಡಿಯುತ್ತೀ ಎಂದೆಯಲ್ಲ, ಹಿಡಿ. ಬಡವರ ಮದ್ದು ಮಾರಿಕೊಳ್ಳುವವರ ಕೈ ಸೇದಿ ಹೋಗಲಿ.

ಆದರೆ ಅದು ಚಪ್ಪಲಿಯಲ್ಲಿ ಹೊಡೆಯುವ ಹುಳ ಅಲ್ಲ ಮಾರಾಯ್ತಿ. ಪೇಟೆಯವಳು ನೀನು, ಬಿಡು.

ಕೇಂದ್ರದಲ್ಲಿ ಎಲ್ಲ ಸರಿಯಾಗಿದೆ. ಡಾಕ್ಟರ ಜಾಗ ಇನ್ನೂ ಖಾಲಿ. ಪಕ್ಕದ ಕೇಂದ್ರದವರು ವಾರಕ್ಕೆರಡು ದಿನ ಬರುತ್ತಾರೆ, ಉಳಿದಂತೆ ಫೋನಿನಲ್ಲಿ ಕೇಳಿ ನಾನೇ ನೋಡುತ್ತೇನೆ. ಮೇಲಿನಿಂದ ಏನೋ ಒಂದು ಕಾಗದ ಬಂದಿದೆ, ಅದೇನು ದೊಡ್ಡದಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ದೊಡ್ಡಮ್ಮ


ಶಿಕಾರಿಪುರ
೩ ಅಕ್ಟೋಬರ್ ೨೦೨೫

ದೊಡ್ಡಮ್ಮ,

ಹೇಗಿದ್ದೀರಿ? ಉತ್ತರ ತಡವಾಯಿತು. ಕೆಲಸ ಜಾಸ್ತಿ.

ನಮ್ಮ ಕೆಲಸಕ್ಕಾಗಿ ಕೇಂದ್ರಗಳು ಹೇಗೆ ನಡೆಯುತ್ತವೆ ಎಂದು ತಿಳಿದುಕೊಳ್ಳುತ್ತಿದ್ದೇನೆ. ನಿಮಗೆ ಬೇಸರವಿಲ್ಲದಿದ್ದರೆ ಒಂದೆರಡು ಮಾತು ಹೇಳಿ. ನಿಮ್ಮಲ್ಲಿ ಔಷಧಿಯ ಫ್ರಿಜ್ಜಿನ ಕೀಲಿ ಯಾರ ಹತ್ತಿರ ಇರುತ್ತದೆ? ನೀವು ರಜೆ ಹಾಕಿದಾಗ? ಉಚ್ಚಂಗಪ್ಪ ಎಷ್ಟು ವರ್ಷದಿಂದ ಅಲ್ಲಿದ್ದಾನೆ, ಅವನ ಮನೆಯ ಪರಿಸ್ಥಿತಿ ಹೇಗೆ? ಹೊರಗಿನ ಡಾಕ್ಟರುಗಳು ಯಾರಾದರೂ ಕೇಂದ್ರಕ್ಕೆ ಬಂದು ಔಷಧಿ ಕೇಳುವುದುಂಟೇ?

ಸುಮ್ಮನೆ ಕೇಳುತ್ತಿದ್ದೇನೆ. ಹುಚ್ಚಮ್ಮನವರಿಗೆ ನಮಸ್ಕಾರ ಹೇಳಿ.

ಚೈತ್ರಶ್ರೀ


ಕ್ವಾರ್ಟರ್ಸ್
೮ ಅಕ್ಟೋಬರ್ ೨೦೨೫

ಚೈತ್ರಶ್ರೀ,

ಕೀಲಿ ನನ್ನ ಸೊಂಟದಲ್ಲಿದೆ. ಸ್ನಾನಕ್ಕೆ ಹೋದಾಗ ಬಚ್ಚಲ ಗೂಟಕ್ಕೆ ಹಾಕುತ್ತೇನೆ. ನಾನು ರಜೆ ಹಾಕಿ ಎಷ್ಟು ಕಾಲವಾಯಿತೆಂದು ನಿಮ್ಮಮ್ಮನನ್ನು ಕೇಳು, ಅವಳ ಮನೆ ಹಬ್ಬಗಳಿಗೇ ನಾನು ಬಂದಿಲ್ಲ. ಉಚ್ಚಂಗಪ್ಪ ಈ ಕೇಂದ್ರ ಹುಟ್ಟಿದಾಗಿನಿಂದ ಇದ್ದಾನೆ. ಅವನ ಮನೆಯ ಪರಿಸ್ಥಿತಿ ನಿನಗೆ ಯಾಕೆ?

"ಸುಮ್ಮನೆ" ಎಂದು ಬರೆದಿದ್ದೀ. ಸುಮ್ಮನೆ ಕೇಳುವವರು ಸುಮ್ಮನೆ ಎನ್ನುವುದಿಲ್ಲ.

ಇಲ್ಲಿ ತೆನೆ ಮುರಿಯುವ ಕೆಲಸ ಶುರುವಾಗುತ್ತಿದೆ. ನನಗೆ ಅದರ ಚಿಂತೆಯೇ ಸಾಕು.

ವೀರಮ್ಮ


ಶಿಕಾರಿಪುರ
೧೫ ಅಕ್ಟೋಬರ್ ೨೦೨೫

ದೊಡ್ಡಮ್ಮ,

ಮುಚ್ಚಿಡುವುದು ನನಗೂ ಕಷ್ಟವಾಗಿದೆ. ಹೇಳಿಬಿಡುತ್ತೇನೆ.

ಕೆಂಪು ಗುರುತು ಬಿದ್ದ ಕೇಂದ್ರದ ವಿವರಣೆ ತಾಳೆಯಾಗದಿದ್ದಾಗ ಮಾತ್ರ ನಂಬರಿನ ಹಿಂದಿನ ಹೆಸರು ತೆರೆಯುತ್ತದೆ. ಕಳೆದ ತಿಂಗಳ ಕೊನೆಯಲ್ಲಿ ಅಂಥ ಪಟ್ಟಿಯೊಂದು ನನ್ನ ಮುಂದೆ ಬಂತು. ಮೊದಲನೆಯದೇ ನಿಮ್ಮ ಕೇಂದ್ರ. ಹಾವು ಕಡಿತದ ಚುಚ್ಚುಮದ್ದು ನಿಮ್ಮಲ್ಲಿ ಸುತ್ತಲಿನ ಎಲ್ಲ ಕೇಂದ್ರಗಳಿಗಿಂತ ಹೆಚ್ಚು ಖರ್ಚಾಗಿದೆ. ಹಾವು ಕಡಿದು ಬಂದವರು ಎಂದು ದಾಖಲೆಯಲ್ಲಿ ಒಬ್ಬರೂ ಇಲ್ಲ. ಒಬ್ಬರೂ ಇಲ್ಲ ದೊಡ್ಡಮ್ಮ!

ನೀವು ಕಳ್ಳಿ ಅಲ್ಲ ಎಂದು ನನಗೆ ಗೊತ್ತು. ಆದರೆ ಅಂಕಿಗಳ ಮುಂದೆ ಕೂತಾಗ ನನಗೆ ಗೊತ್ತಿರುವುದಕ್ಕೆ ಬೆಲೆಯಿಲ್ಲ. ಆ ಮದ್ದು ಹೊರಗೆ ತುಂಬ ದುಬಾರಿ. ಉಚ್ಚಂಗಪ್ಪ ಇರಬಹುದೇ? ಅಥವಾ ಯಾರ ಮೇಲಾದರೂ ಕರುಣೆ ಬಂದು ನೀವೇ ಕೇಂದ್ರದ ಹೊರಗೆ ಕೊಟ್ಟಿರಾ? ಏನೇ ಇದ್ದರೂ ನನಗೆ ಹೇಳಿ. ತನಿಖೆಯವರು ಬರುವ ಮೊದಲು ನೀವಾಗಿಯೇ ಒಪ್ಪಿಕೊಂಡರೆ ಹಗುರವಾಗುತ್ತದೆ. ನನ್ನ ಕೈಲಾದದ್ದನ್ನು ಮಾಡುತ್ತೇನೆ.

ಚೈತ್ರಾ


೨೦ ಅಕ್ಟೋಬರ್ ೨೦೨೫

ಇಂದ: ವೀರಮ್ಮ, ಶುಶ್ರೂಷಾಧಿಕಾರಿ, ಸೊರಬ ತಾಲ್ಲೂಕು.
ಗೆ: ಕುಮಾರಿ ಚೈತ್ರಶ್ರೀ, ಡೇಟಾ ಸೈಂಟಿಸ್ಟ್, ಶಿಕಾರಿಪುರ.

ಮಾನ್ಯರೇ,

ವಿಷಯ: ಎ.ಎಸ್.ವಿ. ಚುಚ್ಚುಮದ್ದಿನ ಬಳಕೆಯ ಕುರಿತು.
ಉಲ್ಲೇಖ: ತಮ್ಮ ಪತ್ರ, ದಿನಾಂಕ ೧೫ ಅಕ್ಟೋಬರ್.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಚುಚ್ಚುಮದ್ದನ್ನು ಸಂಪೂರ್ಣವಾಗಿ ರೋಗಿಗಳಿಗೇ ಕೊಡಲಾಗಿದೆ. ಕೊಡುವಾಗ ಪ್ರತಿಸಲವೂ ವೈದ್ಯರನ್ನು ಫೋನಿನಲ್ಲಿ ಕೇಳಲಾಗಿದೆ. ರೋಗಿಗಳ ವಿವರ ದಾಖಲೆಯಲ್ಲಿದೆ. ಇದೇ ವಿವರಣೆಯನ್ನು ನೋಟಿಸಿಗೆ ಉತ್ತರವಾಗಿ ಸೆಪ್ಟೆಂಬರಿನಲ್ಲಿಯೇ ಕಳಿಸಿದ್ದು, "ದಾಖಲೆಗೆ ತಾಳೆಯಾಗುತ್ತಿಲ್ಲ" ಎಂಬ ಉತ್ತರ ಬಂದಿರುತ್ತದೆ.

ಕೇಂದ್ರದಲ್ಲಿ ಸದರಿ ಮದ್ದು ಪೂರ್ತಿ ಮುಗಿದಿರುತ್ತದೆ. ಬೇಡಿಕೆ ಸಲ್ಲಿಸಿದಾಗಲೆಲ್ಲ "ತಡೆಹಿಡಿಯಲಾಗಿದೆ" ಎಂದು ಬರುತ್ತಿದೆ. ತೆನೆ ಮುರಿಯುವ ಹಂಗಾಮು ಆರಂಭವಾಗಿರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಒಪ್ಪಿಕೊಳ್ಳುವಂಥದ್ದು ಏನೂ ಇರುವುದಿಲ್ಲ.

ತಮ್ಮ ವಿಶ್ವಾಸಿ,
ವೀರಮ್ಮ

ಈ ಕಾಗದವನ್ನು ನಿಮ್ಮಮ್ಮನಿಗೆ ತೋರಿಸಬೇಡ. ಅವಳು ಅಳುತ್ತಾಳೆ.


ಶಿಕಾರಿಪುರ
೨ ನವೆಂಬರ್ ೨೦೨೫

ದೊಡ್ಡಮ್ಮ,

ಹುಚ್ಚಮ್ಮ ಬದುಕಿದ್ದಾರೆ. ಇದನ್ನು ಮೊದಲು ಬರೆಯುತ್ತೇನೆ. ಫೋನಿನಲ್ಲಿ ಅಷ್ಟು ಮಾತ್ರ ಹೇಳಿದೆ, ಉಳಿದದ್ದನ್ನು ನನ್ನ ಬಾಯಿಂದ ಹೇಳಲು ಧೈರ್ಯವಾಗಲಿಲ್ಲ.

ಮೊನ್ನೆ ಬೆಳಿಗ್ಗೆ ನೀವು ಫೋನ್ ಮಾಡಿದಾಗ ನಾನು ತಿಂಡಿಗೆ ಕೂತಿದ್ದೆ. "ಹುಚ್ಚಮ್ಮನ್ನ ಆಂಬುಲೆನ್ಸಲ್ಲಿ ಕಳಿಸಿದೀನಿ. ಡಾಕ್ಟ್ರು ಶಿಕಾರಿಪುರಕ್ಕೇ ಒಯ್ಯಿರಿ ಅಂದ್ರು. ಅವಳಿಗೆ ಅಲ್ಲಿ ಯಾರೂ ಇಲ್ಲ. ನೀ ಹೋಗಿ ನಿಂತ್ಕೋ. ಇಲ್ಲಿ ಮದ್ದಿಲ್ಲ." ಅಷ್ಟು ಹೇಳಿ ಇಟ್ಟುಬಿಟ್ಟಿರಿ. ಯಾವ ಮದ್ದು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಆದರೆ ಗಾಡಿ ಹತ್ತಿ ಆಸ್ಪತ್ರೆ ಮುಟ್ಟುವವರೆಗೂ ಅದು ಬೇರೆ ಏನಾದರೂ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಆಂಬುಲೆನ್ಸ್ ದಾರಿಯಲ್ಲಿ 'ತೊಗರ್ಸಿ ದಾಟಿದೆ' ಎಂದರು ಆಸ್ಪತ್ರೆಯವರು. ಆಮೇಲೆ ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕಾಲು ಮೊಣಕಾಲಿನವರೆಗೆ ಊದಿಕೊಂಡು ಹೊಳೆಯುತ್ತಿತ್ತು. ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು, ಕತ್ತರಿಸಿ ತೆಗೆದರು. ಅವರು ಅಳುತ್ತಿದ್ದದ್ದು ಕಾಲಿಗಲ್ಲ, ಆ ಕಾಲುಂಗುರಕ್ಕೆ. ವಸಡಿನಿಂದ ರಕ್ತ ಬರುತ್ತಿತ್ತು. ಡಾಕ್ಟರು ನೋಡಿದ ತಕ್ಷಣ "ಕೊಳಕುಮಂಡಲ, ಮದ್ದಿನ ವಯಲ್ ತನ್ನಿ" ಎಂದು ಕೂಗಿದರು. ಅದೇ ಹೊತ್ತಿಗೆ ಇತ್ತ ಕಡೆ ಹೆಸರು ಬರೆದುಕೊಳ್ಳುವ ಹುಡುಗಿ ಟ್ಯಾಬ್ ಹಿಡಿದು ಕೇಳಿದಳು, "ಏನಾಯ್ತಮ್ಮ?"

"ಹುಳ ಮುಟ್ತವ್ವ" ಎಂದರು ಹುಚ್ಚಮ್ಮ.

ಹುಡುಗಿ ಅದನ್ನು ಹಾಗೇ ಒತ್ತಿದಳು. ಕೆಳಗೆ ತಾನಾಗಿಯೇ ಮೂಡಿತು: ಕೀಟ ಕಡಿತ. ಆ ಪರದೆ ನಾನು ಮಾಡಿದ್ದು. ಆ ಡಬ್ಬಿ ನನ್ನದು.

ನಾನು ಬಗ್ಗಿ ಕೇಳಿದೆ, "ಹಾವಲ್ವೇನಮ್ಮ ಕಚ್ಚಿದ್ದು?" ಅಷ್ಟು ನೋವಿನಲ್ಲೂ ಅವರು ಕೈಯೆತ್ತಿ ನನ್ನ ಬಾಯಿ ಮುಚ್ಚಿದರು. "ಹೆಸ್ರು ತಗೀಬ್ಯಾಡವ್ವ, ಇನ್ನೊಂದು ಬಂದಾತು!"

ದೊಡ್ಡಮ್ಮ, ನನಗೆ ಇದು ಗೊತ್ತಿತ್ತು. ಅಜ್ಜಿ ದೀಪ ಹಚ್ಚಿದ ಮೇಲೆ ನಮ್ಮ ಬಾಯಿಂದ ಆ ಪದ ಬಂದರೆ ತುಟಿಯ ಮೇಲೆ ಹೊಡೆಯುತ್ತಿರಲಿಲ್ಲವೇ? ಹುಳ ಅನ್ನಿ, ಹುಳ ಅನ್ನಿ ಎನ್ನುತ್ತಿರಲಿಲ್ಲವೇ? ಗೊತ್ತಿದ್ದೂ ಪರದೆಯ ಮೇಲೆ ಆ ಪದ ಕಂಡಾಗ ನನಗೆ ಹೊಳೆಯಲಿಲ್ಲ. ಆ ಮಧ್ಯಾಹ್ನ ನನಗೆ ಪಟ್ಟಿ ಮುಗಿಸುವ ಅವಸರ. ನಿಮ್ಮ ಬಚ್ಚಲಿಗೆ ಹುಳ ಬಂದಿತ್ತು ಎಂದು ಬರೆದಿರಿ, ಚಪ್ಪಲಿ ಸಿಗಲಿಲ್ಲವೇ ಎಂದೆ. ಅದು ಅಂಥ ಹುಳವಲ್ಲ ಎಂದಿರಿ, ಆಗಲೂ ತಲೆಗೆ ಹೋಗಲಿಲ್ಲ. ಆಮೇಲೆ ನೀವು ಒಣ ಭಾಷೆಯಲ್ಲಿ ಬರೆದ ಕಾಗದ ನೋಡಿ, ಇಷ್ಟು ಬಿಗಿಯಾಗಿ ಬರೆದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಸುಮ್ಮನಾದೆ. ಉತ್ತರವನ್ನೂ ಬರೆಯಲಿಲ್ಲ.

ಮನೆಗೆ ಬಂದು ನಿಮ್ಮ ಕೇಂದ್ರದ ದಾಖಲೆ ತೆರೆದೆ. ಹುಳ ಮುಟ್ಟಿದೆ. ಹುಳ ಮುಟ್ಟಿದೆ. ಗದ್ದೆಯಲ್ಲಿ ಹುಳ ಮುಟ್ಟಿದೆ. ಸಾಲಾಗಿ ಎಲ್ಲವೂ ಇರುವೆ ಮತ್ತು ಜೇನಿನ ಜೊತೆ.

ಮದ್ದು ನಿಲ್ಲಿಸಿದವಳು ನಾನು. ನಿಮ್ಮನ್ನು ಕಳ್ಳಿ ಎಂದವಳೂ ನಾನು. ನನಗೆ ತುಂಬ ನಾಚಿಕೆಯಾಗುತ್ತಿದೆ.

ಚೈತ್ರಾ


ಶಿಕಾರಿಪುರ
೧೦ ನವೆಂಬರ್ ೨೦೨೫

ದೊಡ್ಡಮ್ಮ,

ಮಹಾಂತೇಶನನ್ನು ದಿನವೂ ಕೇಳುತ್ತಿದ್ದೇನೆ. "ಏನೂ ಕೊಟ್ಟಿಲ್ಲಕ್ಕ" ಎನ್ನುತ್ತಾನೆ. ಕೇಂದ್ರದ ಫೋನಿಗೆ ಮಾಡಿದರೆ ಉಚ್ಚಂಗಪ್ಪ ಎತ್ತಿ "ಸಿಸ್ಟರ್ ಡ್ಯೂಟೀಲಿದಾರ್ರೀ" ಎನ್ನುತ್ತಾನೆ. ಸಿಟ್ಟು ಮಾಡಿ, ನನ್ನ ಮೇಲೆ ಎಷ್ಟು ಬೇಕಾದರೂ ಮಾಡಿ. ಆದರೆ ಈ ಕಾಗದವನ್ನು ಪೂರ್ತಿ ಓದಿ.

ಹುಚ್ಚಮ್ಮನವರ ಮೂತ್ರ ನಿಂತುಹೋಗಿದೆ. ವಿಷ ಮೂತ್ರಪಿಂಡಕ್ಕೆ ಇಳಿದಿದೆ. ಮದ್ದು ಬೇಗ ಬಿದ್ದಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂದರು ಡಾಕ್ಟರು. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡುತ್ತಿದ್ದಾರೆ. ತಿಂಗಳೊಪ್ಪತ್ತಿನಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು. ಹಾಸಿಗೆಯ ಪಕ್ಕ ಕೂತಾಗಲೆಲ್ಲ "ನರ್ಸಮ್ಮಗೆ ಯಾರಾದ್ರೂ ಎಲಿ ತಂದ್ಕೊಡ್ತಾರೇನವ್ವ?" ಎಂದು ನಿಮ್ಮನ್ನೇ ಕೇಳುತ್ತಾರೆ. ಮದ್ದು ಯಾಕೆ ಇರಲಿಲ್ಲ ಎಂದು ಅವರಿಗೆ ಹೇಳಿದೆ. ಅವರು ಗೋಡೆಯ ಕಡೆ ಹೊರಳಿದರು.

ಡಬ್ಬಿಯನ್ನು ಸರಿಪಡಿಸಿದ್ದೇನೆ. ಸರಿಪಡಿಸಿದ ಕೂಡಲೇ ನಿಮ್ಮ ಕೇಂದ್ರದ ಕೆಂಪು ಹೋಯಿತು. ಬರೀ ನಿಮ್ಮದಲ್ಲ, ಇನ್ನೂ ಹಲವು ಕೇಂದ್ರಗಳದು. ಆದರೆ ನಮ್ಮ ಮುಖ್ಯಸ್ಥರು ಮಲ್ಲಿಕಾರ್ಜುನ್ ಸರ್ ಒಪ್ಪುತ್ತಿಲ್ಲ. "ನೀವು ಆ ನರ್ಸಿನ ಸಂಬಂಧಿ. ನಿಮ್ಮ ಮಾತಿನ ಮೇಲೆ ಮದ್ದು ಬಿಡಲು ಬರುವುದಿಲ್ಲ. ಮದ್ದು ಕೊಟ್ಟವರೇ ಬರೆದುಕೊಡಲಿ" ಎಂದರು. ಅದೂ ನ್ಯಾಯವೇ. ಈ ಕೆಲಸದಿಂದ ನನ್ನನ್ನು ಸದ್ಯಕ್ಕೆ ಹೊರಗಿಟ್ಟಿದ್ದಾರೆ.

ಬೇಕಾಗಿರುವುದು ಇಷ್ಟು. "ಹುಳ ಮುಟ್ಟಿದೆ" ಎಂದು ದಾಖಲಾದ ಒಬ್ಬೊಬ್ಬ ರೋಗಿಯ ಹೆಸರಿನ ಮುಂದೆ, ಅದು ಹಾವು ಕಡಿತ ಎಂದು ನಿಮ್ಮ ಕೈಯಲ್ಲಿ ಬರೆದು ಸಹಿ ಮಾಡಬೇಕು. ಆ ಕಾಗದ ಮುಟ್ಟಿದ ದಿನವೇ ಮದ್ದಿನ ಗಾಡಿ ಹೊರಡುತ್ತದೆ. ತೆನೆ ಮುರಿಯುವುದು ಇನ್ನೂ ಮುಗಿದಿಲ್ಲ, ಭತ್ತದ ಕೊಯ್ಲು ಮುಂದಿದೆ. ದಯವಿಟ್ಟು ಬರೆಯಿರಿ.

ಚೈತ್ರಾ


ಕ್ವಾರ್ಟರ್ಸ್
೧೪ ನವೆಂಬರ್ ೨೦೨೫

ಚೈತ್ರಾ,

ಓದಿದೆ. ಎರಡೂ ಕಾಗದ ಓದಿದೆ.

ನಿನ್ನ ಮೇಲೆ ನನಗೆ ಸಿಟ್ಟು ಬಂದಿರುವುದು ಡಬ್ಬಿಯ ವಿಷಯಕ್ಕಲ್ಲ. ತಪ್ಪು ಎಲ್ಲರೂ ಮಾಡುತ್ತಾರೆ. ಅನುಮಾನ ಬಂದಾಗ ನೀನು ನನ್ನನ್ನು ಒಂದು ಮಾತು ಕೇಳಬೇಕಿತ್ತು. ಕೀಲಿ ಎಲ್ಲಿದೆ ಎಂದು ಕೇಳಿದೆ, ಉಚ್ಚಂಗಪ್ಪನ ಮನೆಯಲ್ಲಿ ಏನಿದೆ ಎಂದು ಕೇಳಿದೆ. ಹುಳ ಎಂದರೆ ಏನು ದೊಡ್ಡಮ್ಮ ಎಂದು ಕೇಳಲಿಲ್ಲ. ಉಚ್ಚಂಗಪ್ಪನಿಗೆ ನಿನ್ನ ಕಾಗದದ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ. ಅವನು ನೀನು ಬಂದಾಗಲೆಲ್ಲ ನಿನಗೆಂದು ಹಲಸಿನ ಹಪ್ಪಳ ಕಟ್ಟಿಸಿಡುವವನು.

ಇನ್ನು ನನ್ನ ಮಾತು. ಟ್ಯಾಬ್ ಕೊಟ್ಟಾಗ ತರಬೇತಿಯಲ್ಲಿ ಹೇಳಿದ್ದರು, ರೋಗಿ ಹೇಳಿದ್ದನ್ನು ಹಾಗೇ ಬರೆಯಿರಿ ಎಂದು. ನಾನು ಹಾಗೇ ಬರೆದೆ. ನೋಟಿಸ್ ಬಂದಾಗಲೂ ಅದನ್ನೇ ಹೇಳಿದೆ. ಅದು ನಿಜ, ಆದರೆ ಅರ್ಧ ನಿಜ. ಇನ್ನರ್ಧವನ್ನು ನಾನು ಯಾರಿಗೂ ಹೇಳಿಲ್ಲ. ಆ ಹೆಸರನ್ನು ಬರೆಯಲು ನನ್ನ ಕೈ ಬರುವುದಿಲ್ಲ. ನಾನು ನರ್ಸಿಂಗ್ ಓದಿದವಳು, ಕರೆದರೆ ಬರುವುದಕ್ಕೆ ಅದಕ್ಕೆ ಕಿವಿಯೇ ಇಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದರೂ ಕ್ವಾರ್ಟರ್ಸಿನ ಹಿಂದೆ ಹುತ್ತವಿದೆ, ನಾನು ಒಬ್ಬಳೇ ಮಲಗುತ್ತೇನೆ. ಎ.ಎಸ್.ವಿ. ಎಂದು ಬರೆದು, ಹುಳ ಎಂದು ಬರೆದು, ಇಷ್ಟು ವರ್ಷ ತಪ್ಪಿಸಿಕೊಂಡೆ. ನಿನ್ನ ಕಂಪ್ಯೂಟರಿಗೆ ಕಾಣದ್ದು ನನಗೆ ಕಾಣುತ್ತಿತ್ತು, ನಾನು ಅದಕ್ಕೆ ತೋರಿಸಲಿಲ್ಲ.

ನಿನ್ನೆ ತೀರ್ಥೇಶ ಅಂತ ಒಬ್ಬನನ್ನು ಹೊತ್ತು ತಂದರು. ಗದ್ದೆಯ ಬದುವಿನಲ್ಲಿ. ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದು "ಚುಚ್ರೀ ಸಿಸ್ಟರ್, ಬೇಗ ಚುಚ್ರೀ" ಎನ್ನುತ್ತಿದ್ದಳು. ಖಾಲಿ ಫ್ರಿಜ್ಜನ್ನು ತೆರೆದು ಅವಳಿಗೆ ತೋರಿಸಿದೆ. ಅದು ವಿಷ ಬಿಟ್ಟಿರಲಿಲ್ಲ, ದೇವರು ದೊಡ್ಡವನು. ಮುಂದಿನ ಸಲ ಹೀಗೇ ಆಗುತ್ತದೆ ಎಂದು ಯಾರು ಹೇಳುತ್ತಾರೆ?

ಬರೆಯಲು ಕೂತಿದ್ದೆ. ಮೊದಲನೆಯ ಹೆಸರು ಬರೆದು ಪೆನ್ನು ಕೆಳಗಿಟ್ಟೆ.

ವೀರಮ್ಮ


ಶಿಕಾರಿಪುರ
೧೯ ನವೆಂಬರ್ ೨೦೨೫

ದೊಡ್ಡಮ್ಮ,

ನಿಮ್ಮನ್ನು ಒತ್ತಾಯ ಮಾಡುವ ಹಕ್ಕು ನನಗಿಲ್ಲ. ಆದ್ದರಿಂದ ಇದರಲ್ಲಿ ಅದನ್ನು ಕೇಳುವುದಿಲ್ಲ.

ಹುಚ್ಚಮ್ಮನವರನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಡಯಾಲಿಸಿಸ್‌ಗೆ ಓಡಾಡುವುದು ಕಷ್ಟವೆಂದು ನನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದೇನೆ. ಅಮ್ಮ ಗಂಜಿ ಮಾಡಿಕೊಡುತ್ತಾಳೆ. ಮೊದಲ ಎರಡು ದಿನ ಅವರು ಏನು ಬೇಕಾದರೂ ಅಮ್ಮನನ್ನೇ ಕೇಳಿದರು. ಮೂರನೆಯ ದಿನ ನಾನು ಆ ಹಳೆಯ ಪಟ್ಟಿಯನ್ನು ತೆರೆದು ಕೂತಿದ್ದಾಗ "ಏನದು?" ಎಂದರು. ಒಂದೊಂದೇ ಓದಿ ಹೇಳಿದೆ. "ಅಮ್ಮ ಬಂದಿದೆ" ಎಂಬಲ್ಲಿ ಅವರು ಹುಬ್ಬು ಹಾರಿಸಿದರು. ನಾನು ಅದನ್ನು ತಾಯಿ ಜೊತೆಯಲ್ಲಿ ಬಂದಿದ್ದಾಳೆ ಎಂದು ತಿಳಿದು ಬಿಟ್ಟುಬಿಟ್ಟಿದ್ದೆ! ಹುಚ್ಚಮ್ಮ ಕೈಯಿಂದ ತಮ್ಮ ಮೈಮೇಲೆಲ್ಲ ಚುಕ್ಕಿ ಇಟ್ಟು ತೋರಿಸಿದರು. "ಮೈಮ್ಯಾಲೆ ಏಳ್ತದಲ್ಲ, ಅದು. ಓದಿದ್ದೆಲ್ಲ ಎಲ್ಲಿ ಹೋತು ನಿಂದು?" ಬೈದದ್ದೇ ನನಗೆ ಸಮಾಧಾನವಾಯಿತು. ಪಟ್ಟಿ ಈಗ ನನ್ನ ಕೆಲಸವಲ್ಲ, ಆದರೂ ಮೊದಲಿನಿಂದ ಮತ್ತೆ ಓದುತ್ತಿದ್ದೇವೆ. ಮುಗಿದ ಮೇಲೆ ಮಲ್ಲಿಕಾರ್ಜುನ್ ಸರ್‌ಗೆ ಕಳಿಸುತ್ತೇನೆ. ಅವರು ತೆಗೆದುಕೊಳ್ಳಲಿ, ಬಿಡಲಿ.

ನಿನ್ನೆ ಹುಚ್ಚಮ್ಮ ಒಂದು ಮಾತು ಹೇಳಿದರು, ನಿಮಗೆ ಮುಟ್ಟಿಸು ಎಂದರು. "ಮುಟ್ಟೋದು ಮುಟ್ಟಿ ಆತು. ನಾ ಹೆಸ್ರು ಹೇಳ್ಲಿಲ್ಲ, ಆದ್ರೂ ಬಂತು. ಇನ್ ಯಾಕೆ ಹೆದರ್ತಾರೆ ಅಂತ ಕೇಳು ನರ್ಸಮ್ಮನ್ನ."

ಚೈತ್ರಾ


ಕ್ವಾರ್ಟರ್ಸ್
೨೯ ನವೆಂಬರ್ ೨೦೨೫

ಚೈತ್ರಾ,

ಹುಚ್ಚಮ್ಮನ ಮಾತು ಬಂದ ಮರುದಿನ ನಡುಮಧ್ಯಾಹ್ನ ಕೇಂದ್ರದ ಜಗಲಿಯ ಮೇಲೆ ಬಿಸಿಲಿನಲ್ಲಿ ಮೇಜು ಹಾಕಿಸಿದೆ. ಪಕ್ಕದಲ್ಲಿ ಕೂರು ಎಂದು ಉಚ್ಚಂಗಪ್ಪನಿಗೆ ಹೇಳಿದೆ. ಏನು ಬರೆಯುತ್ತೇನೆಂದು ಗೊತ್ತಾದಾಗ "ಬರೀರಿ ಸಿಸ್ಟರ್, ನಾ ಆ ಕಡೀಗಿರ್ತೀನಿ" ಎಂದು ಹುಣಸೆ ಮರದ ಕೆಳಗೆ ಹೋಗಿ ನಿಂತ. ಕೈಯಲ್ಲಿ ಕೋಲು ಬೇರೆ.

ರೋಗಿಗಳ ಹೆಸರು ಒಂದೊಂದಾಗಿ ಬರೆದು, ಮುಂದೆ ಅದನ್ನೂ ಬರೆದೆ. ಮೊದಲನೆಯದು ಬರೆಯುವಾಗ ಅಕ್ಷರ ಸೊಟ್ಟಗಾಯಿತು. ನನಗರಿವಿಲ್ಲದೆ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಜ್ವರ, ನೆಗಡಿ ಎಂದು ಬರೆದ ಹಾಗೆಯೇ ಆಯಿತು. ಕೊನೆಗೆಂದು ಉಳಿಸಿಕೊಂಡದ್ದು ಹುಚ್ಚಮ್ಮನ ಹೆಸರು. ಅಲ್ಲಿ ಮಾತ್ರ ಮತ್ತೆ ಕೈ ನಿಂತಿತು, ಹೆದರಿಕೆಯಿಂದ ಅಲ್ಲ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಹುಚ್ಚಮ್ಮನಿಲ್ಲದ ಕಟ್ಟೆ ನೋಡಿದಾಗಲೆಲ್ಲ ಬರುತ್ತದೆ, ಆಗ ನನ್ನ ಮೇಲೂ ಬರುತ್ತದೆ. ಅವಳಿಗೆ ಮೂತ್ರ ಸ್ವಲ್ಪ ಸ್ವಲ್ಪ ಆಗುತ್ತಿದೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಟ್ಯಾಂಕಿನ ಪಕ್ಕ ನಿಂತು ಅತ್ತೆ, ಊರಿಗೆಲ್ಲ ಕೇಳಿಸಿತು. ಸಂಕ್ರಾಂತಿಗೆ ಅವಳನ್ನು ನೀನೇ ಕರೆದುಕೊಂಡು ಬಾ. ಬರುವಾಗ ನಿನ್ನ ಪಟ್ಟಿಯನ್ನೂ ತಾ, ನಾನೂ ಒಂದು ಸಲ ನೋಡುತ್ತೇನೆ. ಹೊಟ್ಟೆನೋವಿಗೆ ಈ ಊರಿನವರು ಏನೇನು ಅನ್ನುತ್ತಾರೆಂದು ನಿಮ್ಮಿಬ್ಬರಿಗೂ ಗೊತ್ತಿರಲಾರದು.

ನಿನ್ನೆ ಸಂಜೆ ಗಾಡಿ ಬಂತು. ಪೆಟ್ಟಿಗೆ ಇಳಿಸಿಕೊಂಡು ನಾನೇ ಫ್ರಿಜ್ಜಿನಲ್ಲಿ ಜೋಡಿಸಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಕ್ವಾರ್ಟರ್ಸಿಗೆ ಬಂದು ಟಾರ್ಚ್ ಹಿಡಿದು ಮಂಚದ ಕೆಳಗೆ, ಬಚ್ಚಲ ಒಲೆಯ ಹಿಂದೆ ನೋಡಿದೆ. ಮಲಗುವ ಮೊದಲು ಇನ್ನೊಂದು ಸಲ ನೋಡಿದೆ. ಎಷ್ಟೆಂದರೂ ಹಳೆಯ ಅಭ್ಯಾಸ.

ಈ ಕಾಗದವನ್ನು ದೀಪ ಹಚ್ಚಿದ ಮೇಲೆ ಬರೆಯುತ್ತಿದ್ದೇನೆ. ಇದರಲ್ಲೂ ಬರೆಯುತ್ತೇನೆ, ನೋಡು: ಹಾವು.

ಬಂದರೆ ಬರಲಿ. ಮದ್ದು ಬಂದಿದೆ.

ನಿನ್ನ ದೊಡ್ಡಮ್ಮ